ಅಮ್ಮನ ಎಡಗಡೆಯ ಜಾಗ

ಕೋಲ್ಸ್ ಲ್ಯಾಂಡಿಂಗ್, ಜಾರ್ಜಿಯಾ
೨೭ ಏಪ್ರಿಲ್ ೧೯೯೯, ಮಂಗಳವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ವಾರಕ್ಕೆ ಮೂರು ದಿನ ರಕ್ತ ಶುದ್ಧಿ ಮಾಡುವ ಆಸ್ಪತ್ರೆಯ ಯಂತ್ರಕ್ಕೆ ತೋಳು ಒಡ್ಡಿ ನಾಲ್ಕು ನಾಲ್ಕು ಗಂಟೆ ಮಲಗುವುದು ಈಗ ರೂಢಿಯಾಗಿದೆ ಎಂದು ಬರೆದಿದ್ದೀ. ಕೂತಲ್ಲಿ ಕೂರದ ನಿನ್ನನ್ನು ಮಲಗಿಸಿದ ಆ ಯಂತ್ರಕ್ಕೆ ನನ್ನ ನಮಸ್ಕಾರ ತಿಳಿಸು. ಅಮ್ಮನಿಂದಲೂ ಆಗದ ಕೆಲಸ ಅದು. ಉಪ್ಪು ಬಿಟ್ಟಿದ್ದೀಯೋ ಇಲ್ಲವೋ ಎನ್ನುವುದನ್ನು ಮಾತ್ರ ಜನೀಸಾಳನ್ನೇ ಕೇಳುತ್ತೇನೆ, ನಿನ್ನನ್ನಲ್ಲ. ಮೊಮ್ಮಗಳು ಹೇಳಿದರೆ ನಂಬಬಹುದು. ಕಣ್ಣು ಮಂಜಾದ ಮೇಲೆ ಅವಳೇ ನಿನಗೆ ಪತ್ರ ಓದಿ ಹೇಳುತ್ತಾಳೆ, ನೀನು ಹೇಳಿದ್ದನ್ನು ಅವಳೇ ಬರೆಯುತ್ತಾಳೆ ಎಂದು ತಿಳಿದು ಸಮಾಧಾನವಾಯಿತು. ಅವಳ ಅಕ್ಷರ ದುಂಡಗಿದೆ. ನಿನ್ನ ಅಕ್ಷರ ಯಾವತ್ತೂ ಕೋಳಿ ಕೆದರಿದ ಹಾಗೇ ಇತ್ತು, ಅದಕ್ಕೆ ಕಣ್ಣಿನ ನೆಪ ಬೇಕಾಗಿರಲಿಲ್ಲ.

ನನ್ನ ಮಟ್ಟಿಗೆ ಎಲ್ಲ ಸರಿಯಾಗಿದೆ. ಎಡಗಾಲಿನ ಮಂಡಿ ಮಳೆ ಬರುವ ಮೊದಲು ಹೇಳುತ್ತದೆ, ಬಂದ ಮೇಲೂ ಹೇಳುತ್ತದೆ. ಹಿತ್ತಲಲ್ಲಿ ಹುರುಳಿಕಾಯಿ ಬಳ್ಳಿ ಹಬ್ಬಿದೆ, ಕಾಲರ್ಡ್ ಸೊಪ್ಪಿಗೆ ಹುಳ ಬಿದ್ದಿದೆ. ಹೊಸ ಪಾದ್ರಿಗಳ ಉಪದೇಶ ಒಂದೂಕಾಲು ಗಂಟೆ ನಡೆಯುತ್ತದೆ. ಅಷ್ಟು ಹೊತ್ತಿಗೆ ಮನೆಯಲ್ಲಿ ಒಲೆಯ ಮೇಲಿಟ್ಟು ಬಂದ ಕೋಳಿ ಸೀದುಹೋಗುತ್ತದೆ ಎಂದು ಯಾರೂ ಅವರಿಗೆ ಹೇಳಿಲ್ಲ. ಶಾಲೆಯ ಅಡುಗೆಮನೆಯಿಂದ ನಿವೃತ್ತಳಾಗಿ ಎರಡು ವರ್ಷವಾದರೂ ನನ್ನ ಕೈಗೆ ಇನ್ನೂ ಮುನ್ನೂರು ಮಕ್ಕಳ ಅಳತೆಯೇ ಗೊತ್ತಿರುವುದು. ಮಾಡಿದ್ದನ್ನು ಬೀದಿಗೆಲ್ಲ ಹಂಚುತ್ತೇನೆ.

ಈಗ ನಿನ್ನ ಮಾರ್ಚ್ ಕೊನೆಯ ಪತ್ರಕ್ಕೆ ಬರುತ್ತೇನೆ. ಎರಡು ಪುಟ ಬೇಸ್‌ಬಾಲ್ ಬರೆಸಿದೆ, ಅರ್ಧ ಪುಟ ಅಳಿಯನ ಕಾರನ್ನು ಬೈದೆ. ಆಮೇಲೆ ಜನೀಸಾಳ ಕೈಯಿಂದ ಪೆನ್ನು ಕಿತ್ತುಕೊಂಡಿರಬೇಕು, ಕೊನೆಯ ಸಾಲು ನಿನ್ನದೇ ಸೊಟ್ಟ ಅಕ್ಷರದಲ್ಲಿತ್ತು. ‘ನಾನು ಹೋದಾಗ ನನ್ನನ್ನು ಅಮ್ಮನ ಎಡಗಡೆ ಮಲಗಿಸು.’ ಉಪ್ಪಿನಕಾಯಿ ಕಳಿಸು ಎನ್ನುವ ಹಾಗೆ ಬರೆದಿದ್ದೀ. ನಲವತ್ತಮೂರು ವರ್ಷ ಈ ಊರಿನ ಕಡೆ ತಲೆ ಹಾಕಿಯೂ ಮಲಗದವನು ನೀನು. ಎಡಗಡೆ ಯಾಕೆ ಎಂದು ನಾನು ಕೇಳಬೇಕಾಗಿಲ್ಲ. ಮನೆಯಲ್ಲಿ ಇದ್ದದ್ದೇ ಒಂದು ಮಂಚ, ಎಡಕ್ಕೆ ನೀನು, ಬಲಕ್ಕೆ ನಾನು, ನಡುವೆ ಅಮ್ಮ. ಆ ಸಾಲನ್ನು ಎರಡು ಸಲ ಓದಿ, ಪತ್ರ ಮಡಿಸಿಟ್ಟು, ಪಾತ್ರೆ ತೊಳೆದೆ. ಆಮೇಲೆ ಸ್ವಲ್ಪ ಅತ್ತೆ. ಮರುದಿನ ಪುರಸಭೆಗೆ ಹೋದೆ.

ಪುರಸಭೆಗೆ ಯಾಕೆ ಎಂದರೆ, ಈ ಜನವರಿಯಿಂದ ಸ್ಮಶಾನದ ನಮ್ಮ ಭಾಗವನ್ನೂ ಪುರಸಭೆಯೇ ನೋಡಿಕೊಳ್ಳುತ್ತಿದೆ. ಚರಂಡಿಯ ಈಚೆ ಬಿಳಿಯರದು, ಆಚೆ ಕರಿಯರಾದ ನಮ್ಮದು ಎನ್ನುವುದು ನಿನಗೆ ಗೊತ್ತೇ ಇದೆ, ಜನೀಸಾಳಿಗೆ ಗೊತ್ತಿರಲಾರದು. ನಡುವಿನ ತಂತಿಬೇಲಿಯನ್ನು ಎಪ್ಪತ್ತೊಂದರಲ್ಲಿ ತೆಗೆದರು, ಚರಂಡಿ ಹಾಗೇ ಇದೆ. ನೂರು ವರ್ಷ ಈಚೆಯ ಹುಲ್ಲನ್ನು ಎಲ್ಲರ ತೆರಿಗೆಯಲ್ಲಿ ಕತ್ತರಿಸಿದರು, ಆಚೆಯದನ್ನು ನಾವು ಭಾನುವಾರ ಕುಡುಗೋಲು ಹಿಡಿದು ಕತ್ತರಿಸಿದೆವು. ಈಗ ಅವರ ಯಂತ್ರ ಆಚೆಗೂ ದಾಟುತ್ತದೆ. ಅದರ ಜೊತೆಗೆ ಒಂದು ನಿಯಮವೂ ದಾಟಿ ಬಂತು. ಏಪ್ರಿಲ್ ಮೂವತ್ತರೊಳಗೆ ಪ್ರತಿ ಕುಟುಂಬ ತನ್ನವರ ಸಮಾಧಿಗಳನ್ನು ಸ್ಥಳದಲ್ಲೇ ತೋರಿಸಿ ಬರೆಸಬೇಕು. ಬರೆಸಿದ ಸಮಾಧಿಯ ಪಕ್ಕದಲ್ಲಿ ಮನೆಯವರಿಗೆ ಜಾಗ ಸಿಗುತ್ತದೆ. ಬರೆಸದ ನೆಲ ಖಾಲಿ ಎಂದು ದಾಖಲಾಗುತ್ತದೆ, ಅಲ್ಲಿ ಇನ್ನು ಯಾರನ್ನೂ ಹೂಳುವಂತಿಲ್ಲ. ಅಂದರೆ ಅಮ್ಮನ ಜಾಗ ತೋರಿಸದಿದ್ದರೆ ಅಮ್ಮನೂ ಇಲ್ಲ, ನಿನಗೆ ಎಡಗಡೆಯೂ ಇಲ್ಲ.

ಕಚೇರಿಯಲ್ಲಿ ಕೋರಿನ್ ಎಂಬ ಬಿಳಿಯ ಹುಡುಗಿ ಕೂತಿರುತ್ತಾಳೆ. ಇಪ್ಪತ್ತೈದು ಇರಬಹುದು. ‘ಕೂತ್ಕೊಳ್ಳಿ ಮೇಡಂ’ ಎಂದಳು. ಅಮ್ಮನಿಗೆ ಐವತ್ತು ದಾಟಿದಾಗಲೂ ಆ ಕಚೇರಿಯಲ್ಲಿ ‘ಏ ಹುಡುಗಿ, ಏನ್ ಬೇಕು’ ಎನ್ನುತ್ತಿದ್ದುದನ್ನು ನೆನೆದು ನಾನು ನಿಂತೇ ಇದ್ದೆ. ಕೂರಬಾರದು ಎಂದಲ್ಲ, ಯಾವ ಕುರ್ಚಿ ಎಂದು ಕಾಲಿಗೆ ತಿಳಿಯಲಿಲ್ಲ. ಅವಳು ಒಂದು ದಪ್ಪ ಪುಸ್ತಕ ತೆಗೆದಳು, ಚರ್ಮದ ರಟ್ಟು, ಚಿನ್ನದ ಅಂಚು. ೧೮೮೮ರಿಂದ ಈಚೆ ಕಡೆಯ ಪ್ರತಿ ಸಮಾಧಿಗೂ ಸಾಲು, ಸಂಖ್ಯೆ, ತಾರೀಖು. ನಡುವೆ ಒಬ್ಬರ ಬೇಟೆನಾಯಿಯೂ ಇದೆ, ಅದರ ಹೆಸರು ಪ್ರಿನ್ಸ್, ಅದಕ್ಕೂ ಸಂಖ್ಯೆ ಇದೆ. ಕೊನೆಯ ಪುಟಕ್ಕೆ ಬಂದರೆ ನಮ್ಮದು. ‘ಬಣ್ಣದವರ ಭಾಗ. ನಕ್ಷೆ ಇಲ್ಲ.’ ಅಷ್ಟೇ. ಹುಡುಗಿಯ ಮುಖ ಕಿವಿಯವರೆಗೂ ಕೆಂಪಾಯಿತು. ‘ಸಾರಿ ಮೇಡಂ. ಇದನ್ನ ಬರ್ದಿದ್ದು ನಾನಲ್ಲ’ ಎಂದಳು. ನೀನಲ್ಲ ಎಂದು ನನಗೂ ಗೊತ್ತಮ್ಮಾ, ಆಗ ನಿನ್ನಮ್ಮನೂ ಹುಟ್ಟಿರಲಿಲ್ಲ ಎಂದೆ. ‘ಗುರುತಿಗೆ ಕಲ್ಲು ಏನಾದ್ರೂ ಇದೆಯಾ?’ ಎಂದು ಕೇಳಿದಳು. ಕಲ್ಲು ಕೊಳ್ಳುವ ಯೋಗ್ಯತೆ ಎಷ್ಟು ಜನಕ್ಕಿತ್ತು?

ಜನೀಸಾ, ಇದು ನಿನಗಾಗಿ. ನಮ್ಮಲ್ಲಿ ಸತ್ತವರು ಕೊನೆಗೆ ಬಳಸಿದ ಪಾತ್ರೆಯನ್ನು ಸಮಾಧಿಯ ಮೇಲೆ ಇಡುತ್ತಿದ್ದೆವು. ತಟ್ಟೆ, ಹೂಜಿ, ಔಷಧಿ ಶೀಶೆ, ದೀಪದ ಗಾಜು, ಏನಾದರೂ. ಇಡುವ ಮೊದಲು ಅದನ್ನು ಒಡೆಯಬೇಕು. ಒಡೆದರೆ ಸರಪಳಿ ಕಡಿಯುತ್ತದೆ, ಇಲ್ಲದಿದ್ದರೆ ಮನೆಯ ಇನ್ನೊಬ್ಬರು ಹೋದವರ ಹಿಂದೆಯೇ ಹೋಗುತ್ತಾರೆ ಎಂಬ ನಂಬಿಕೆ. ದೂರದಿಂದ ನೋಡಿದರೆ ನಮ್ಮ ಸ್ಮಶಾನ ಯಾರೋ ಅಡುಗೆಮನೆಯನ್ನು ಮಗುಚಿದ ಹಾಗೆ ಕಾಣುತ್ತಿತ್ತು. ನಮಗೆ ಅದೇ ಕಲ್ಲು, ಅದೇ ಹೆಸರು. ಹಸಿರು ಹೂಜಿ ಎಂದರೆ ಸೂಲಗಿತ್ತಿ, ಮುಳ್ಳಿಲ್ಲದ ಗಡಿಯಾರ ಎಂದರೆ ಶಾಲೆಯ ಮೇಷ್ಟ್ರು.

ಈಗ ಅದ್ಯಾವುದೂ ಇಲ್ಲ. ಮಾರ್ಚ್ ಮೊದಲ ಶನಿವಾರ ದೊಡ್ಡ ರಸ್ತೆಯ ಬಿಳಿಯರ ಚರ್ಚಿನಿಂದ ನಲವತ್ತು ಜನ ಕೈಗವಸು ಹಾಕಿಕೊಂಡು, ನಿಂಬೆ ಪಾನಕದ ಡಬ್ಬ ಹೊತ್ತುಕೊಂಡು ಸೇವೆಗೆ ಬಂದರು. ಒಳ್ಳೆಯ ಜನ, ಅದರಲ್ಲಿ ಎರಡು ಮಾತಿಲ್ಲ. ನಾನು ಮಧ್ಯಾಹ್ನ ಹೋಗಿ ನೋಡುವ ಹೊತ್ತಿಗೆ ಇಡೀ ನೆಲ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಮುಂದಾಳು ಬೆವರು ಒರೆಸಿಕೊಳ್ಳುತ್ತ ಬಂದು, ‘ಮೇಡಂ, ಅರವತ್ತು ಚೀಲ ಕಸ ತೆಗೆದ್ವಿ! ಎಷ್ಟ್ ವರ್ಷದಿಂದ ತಂದು ಸುರೀತಿದ್ರೋ ಜನ, ಅಯ್ಯೋ!’ ಎಂದ. ಅವನ ಮುಖದಲ್ಲಿ ಎಂಥ ಸಂತೋಷ! ಚೀಲಗಳು ಆಗಲೇ ಊರಾಚೆಯ ತಿಪ್ಪೆಗೆ ಹೋಗಿ, ಮೇಲೆ ಮಣ್ಣೂ ಬಿದ್ದಿತ್ತು. ನಾನು ಏನು ಮಾಡಿದೆ ಗೊತ್ತೇ ಅಣ್ಣಾ? ಥ್ಯಾಂಕ್ಯೂ ಎಂದೆ. ಅರವತ್ತೆರಡು ವರ್ಷದ ಬಾಯಿ, ಬಿಳಿಯ ಮುಖ ಕಂಡ ತಕ್ಷಣ ನನ್ನನ್ನು ಕೇಳದೆ ತಾನೇ ಹೇಳಿಬಿಟ್ಟಿತು. ಅವರು ಸಾಮಾನು ಒಯ್ದದ್ದಕ್ಕಿಂತ ನನ್ನ ಬಾಯಿಯ ಮೇಲೆ ನನಗೆ ಹೆಚ್ಚು ಸಿಟ್ಟು ಬಂತು. ಒಂದು ವಾರ ಆ ಸಿಟ್ಟು ಇಳಿಯಲಿಲ್ಲ.

ಅಮ್ಮನ ಸಮಾಧಿಯ ಮಾತು ಬಂದರೆ ಲೋಟದ ಮಾತು ಬರಲೇಬೇಕು. ನಾವಿಬ್ಬರೂ ನಲವತ್ತಮೂರು ವರ್ಷ ಆ ಮಾತನ್ನು ಸುತ್ತುಬಳಸಿಯೇ ದಾಟಿದ್ದೇವೆ. ನಾನು ಎರಡು ಸಲ ಡೆಟ್ರಾಯಿಟ್‌ಗೆ ಬಂದಾಗಲೂ ನೀನು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಜನೀಸಾ ಕೇಳಿಸಿಕೊಳ್ಳಲಿ, ತಾತ ಊರಿಗೆ ಯಾಕೆ ಬರಲಿಲ್ಲ ಎಂದು ಅವಳಿಗೂ ತಿಳಿಯಲಿ. ನಿಮ್ಮ ಮುತ್ತಜ್ಜಿ ಡೋರ್ಕಸ್, ಟಾಲ್ಬರ್ಟ್ ಎಂಬ ಬಿಳಿಯರ ಮನೆಯಲ್ಲಿ ಮೂವತ್ತೊಂದು ವರ್ಷ ಅಡುಗೆ ಮಾಡಿದಳು ಮಗಳೇ. ಆ ಮನೆಯವರು ತಿನ್ನುವ ಪ್ರತಿ ತುತ್ತು ಅವಳ ಕೈಯಿಂದಲೇ ಹೋಗಬೇಕು, ಅವಳು ನೀರು ಕುಡಿಯುವ ಲೋಟ ಮಾತ್ರ ಬೇರೆ. ಹಿಂಬಾಗಿಲಿನ ಜಗುಲಿಯಲ್ಲಿ ಒಂದು ಮೊಳೆ, ಮೊಳೆಗೆ ನೇತುಹಾಕಿದ ಒಂದು ತಗಡಿನ ಲೋಟ. ಅವರ ಪಾತ್ರೆಗಳ ಜೊತೆ ಅದನ್ನು ತೊಳೆಯುವಂತಿಲ್ಲ. ಐವತ್ತಾರರ ಫೆಬ್ರವರಿಯಲ್ಲಿ ಅಮ್ಮ ಅದೇ ಅಡುಗೆಮನೆಯಲ್ಲಿ ಕುಸಿದಳು. ಕೊನೆಯ ಗುಟುಕು ನೀರು ಕುಡಿದದ್ದೂ ಆ ಲೋಟದಲ್ಲೇ.

ಮಣ್ಣು ಮಾಡುವ ದಿನ ಟಾಲ್ಬರ್ಟ್ ಅಮ್ಮಾವ್ರು ನಮ್ಮ ಮನೆಯ ಮುಂದೆ ಕಾರು ನಿಲ್ಲಿಸಿ, ಇಳಿಯದೆ, ಕಿಟಕಿಯಿಂದಲೇ ಲೋಟ ಕೊಟ್ಟರು. ‘ಡೋರ್ಕಸ್‌ದು ಇದು. ಅವಳಿಗೆ ಇದರ ಮೇಲೆ ತುಂಬಾ ಪ್ರೀತಿ ಇತ್ತು’ ಎಂದರು. ಕಣ್ಣಲ್ಲಿ ನೀರೂ ಇತ್ತು. ನೀನು ಅದನ್ನು ನೆಲಕ್ಕೆ ಬಡಿದು ತುಳಿಯಲು ಹೋದೆ, ಫ್ರೋನಿ ದೊಡ್ಡಮ್ಮ ಕೈ ಹಿಡಿದಳು. ‘ಬೇಡ ಕಣೋ. ಅಕ್ಕರೆಗೆ ಇಡ್ತಿಲ್ಲ ನಾನು, ಪದ್ಧತಿಗೆ ಇಡ್ತಿದೀನಿ. ಕೊನೇಗ್ ಕುಡಿದಿದ್ದು ಯಾವುದೋ ಅದನ್ನೇ ಇಡ್ಬೇಕು. ಇಲ್ದಿದ್ರೆ ನಿಮ್ಮಮ್ಮ ನೀರು ಹುಡುಕ್ಕೊಂಡ್ ಅಲೀತಾಳೆ’ ಎಂದಳು. ಒಡೆಯಬೇಕಲ್ಲ ಎಂದು ನಾನು ಕೇಳಿದೆ. ‘ತಗಡು ಒಡಿಯಲ್ಲ ಕಣೇ. ದೇವರಿಗೆ ಅರ್ಥ ಆಗತ್ತೆ ಬಿಡು’ ಎಂದು ಹಾಗೇ ಇಟ್ಟಳು.

ಮರುದಿನ ನೀನು ಟಾಲ್ಬರ್ಟ್ ಮನೆಯ ಮುಂಬಾಗಿಲಿಗೆ ಹೋಗಿ ಕದ ಬಡಿದೆ. ನಮ್ಮವರು ಯಾರೂ ಹತ್ತದ ಮೆಟ್ಟಿಲು ಹತ್ತಿ ನಿಂತು, ನಮ್ಮಮ್ಮ ನಿಮ್ಮ ನಾಯಿಯಲ್ಲ ಎಂದು ಕೂಗಿ ಬಂದೆ. ಆ ಸಂಜೆ ಬೀದಿಯ ತುದಿಯಲ್ಲಿ ಎರಡು ಲಾರಿ ಬಂದು ನಿಂತವು, ಬಿಳಿಯರು ಇಳಿಯದೆ ಕೂತಿದ್ದರು. ಸೋಮವಾರ ಬೆಳಗಿನ ಬಸ್ಸಿಗೆ ದೊಡ್ಡಮ್ಮ ನಿನ್ನನ್ನು ಹತ್ತಿಸಿದಳು. ಹತ್ತುವ ಮೊದಲು ನೀನು ಹೇಳಿದ್ದು ದೊಡ್ಡಮ್ಮನಿಗಲ್ಲ, ನನಗೆ. ‘ನೋಡ್ತಾ ನಿಂತಿದ್ಯಲ್ಲ ನೀನು. ಆ ಲೋಟ ಅಮ್ಮನ ತಲೆ ಹತ್ರ ಇರೋವರ್ಗೂ ನಾನು ಈ ಊರಿಗೆ ಕಾಲಿಡಲ್ಲ.’ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನೀನು ಆಡಿದೆ, ಹೋದೆ. ನಿನಗೆ ಇಪ್ಪತ್ತಮೂರು, ನನಗೆ ಹತ್ತೊಂಬತ್ತು. ಎಪ್ಪತ್ತರಲ್ಲಿ ಒಂದೇ ಒಂದು ಪತ್ರದ ಅಂಚಿನಲ್ಲಿ ‘ಅದು ಇನ್ನೂ ಅಲ್ಲೇ ಇದೆಯಾ?’ ಎಂದು ಬರೆದಿದ್ದೆ. ನಾನು ಆ ವರ್ಷದ ಬಿರುಗಾಳಿಯ ಬಗ್ಗೆ ಮೂರು ಪುಟ ಉತ್ತರ ಬರೆದೆ.

ಇರಲಿ, ಹುಡುಕಿದ ಕಥೆ ಹೇಳುತ್ತೇನೆ. ಗುಂಡಿ ತೋಡುತ್ತಿದ್ದ ಐಸಾಕ್ ಮಾಬ್ರಿ ಮಾಮನ ನೆನಪಿರಬೇಕು, ಒಂದು ಕಾಲು ಗಿಡ್ಡ, ಕುಂಟುತ್ತ ನಡೆಯುತ್ತಿದ್ದ. ಪುರಸಭೆಗೆ ಪುಸ್ತಕವಿದ್ದಂತೆ ನಮಗೆ ಅವನ ತಲೆ ಇತ್ತು. ಯಾರನ್ನು ಹೂತರೂ ಆ ಮನೆಯ ಒಬ್ಬರನ್ನು ಕರೆದು ದೇವದಾರು ಮರದ ಬುಡದಲ್ಲಿ ನಿಲ್ಲಿಸಿ, ಹೆಜ್ಜೆಯ ಲೆಕ್ಕ ಬಾಯಿಪಾಠ ಮಾಡಿಸುತ್ತಿದ್ದ. ನಿನ್ನನ್ನು ಬಸ್ಸು ಒಯ್ದಿತ್ತು, ಆದ್ದರಿಂದ ನಮ್ಮ ಮನೆಯ ಲೆಕ್ಕ ನನ್ನ ಪಾಲಿಗೆ ಬಂತು. ನದಿಯ ಕಡೆಗೆ ಮೂವತ್ತು ಹೆಜ್ಜೆ, ಅಲ್ಲಿಂದ ಬಲಕ್ಕೆ ಒಂಬತ್ತು. ಪಕ್ಕದ ಮನೆಯ ಲೆಕ್ಕ ಕೇಳಿದರೆ ಗದರುತ್ತಿದ್ದ. ‘ನಿಮ್ಮನೇದು ನೀವು ಇಟ್ಕೊಳ್ಳಿ. ಎಲ್ಲಾ ಒಬ್ರತ್ರಾನೇ ಇದ್ರೆ ಬಿಳಿಯೋರು ಅವ್ನನ್ನ ಹೆದರ್ಸಿ ತಗೊಂಡ್ಬಿಡ್ತಾರೆ.’ ಹಾಗೆ ಹಂಚಿಟ್ಟದ್ದರಿಂದಲೇ ಈಗ ಅರ್ಧಕ್ಕರ್ಧ ಲೆಕ್ಕ ಕಳೆದುಹೋಗಿದೆ. ಹೆಜ್ಜೆ ಗೊತ್ತಿದ್ದವರು ಬಸ್ಸು ಹತ್ತಿ ಉತ್ತರಕ್ಕೆ ಹೋದರು, ಅಲ್ಲೇ ಸತ್ತರು. ಐಸಾಕ್ ಮಾಮನೂ ಎಂಬತ್ತಮೂರರಲ್ಲಿ ಹೋದ.

ಕಳೆದ ವಾರ ನಾನು ಮಾಂಸ ಚುಚ್ಚುವ ಉದ್ದನೆಯ ಮುಳ್ಳುಚಮಚ ಹಿಡಿದು ಹೋದೆ. ದೇವದಾರು ಬಿರುಗಾಳಿಗೆ ಬಿದ್ದು ಎಷ್ಟೋ ವರ್ಷವಾಯಿತು, ಬೊಡ್ಡೆ ಉಳಿದಿದೆ. ಮೂವತ್ತು ಹೆಜ್ಜೆ ಎಣಿಸಿ, ಬಲಕ್ಕೆ ಒಂಬತ್ತು ಹೋಗಿ, ಮಂಡಿಯೂರಿ ಚುಚ್ಚಿದೆ. ಏನೂ ಇಲ್ಲ. ಎರಡನೆಯ ದಿನ ಸುತ್ತ ಎರಡು ಗಜ ಚುಚ್ಚಿದೆ, ಬೇರು ಸಿಕ್ಕಿತು, ಅಂಗಿಯ ಒಂದು ಗುಂಡಿ ಸಿಕ್ಕಿತು. ಕೋರಿನ್ ಊಟದ ಬಿಡುವಿನಲ್ಲಿ ನೋಟ್‌ಬುಕ್ ಹಿಡಿದು ಬಂದು ಪಕ್ಕದಲ್ಲಿ ನಿಲ್ಲುತ್ತಿದ್ದಳು. ‘ಮೇಡಂ, ಇನ್ನೂ ಒಂದು ವಾರ ಇದೆ’ ಎನ್ನುವಳು. ಸಮಾಧಾನಕ್ಕೆ ಹೇಳುತ್ತಿದ್ದಳೋ ಎಚ್ಚರಿಕೆಗೋ ತಿಳಿಯಲಿಲ್ಲ. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಅಮ್ಮನನ್ನು ನಾನೇ ಕಳೆದೆ ಎಂದು ನಿನಗೆ ಹೇಗೆ ಬರೆಯಲಿ ಎಂದು ಯೋಚಿಸುತ್ತ ಕೂತಿದ್ದೆ.

ಮೂರನೆಯ ದಿನ, ಕಳೆದ ಗುರುವಾರ, ಬೊಡ್ಡೆಯ ಮೇಲೆ ಕೂತು ಸುಧಾರಿಸಿಕೊಳ್ಳುವಾಗ ಮಾಮ ಕೊನೆಗೆ ಹೇಳುತ್ತಿದ್ದ ಮಾತು ನೆನಪಾಯಿತು. ‘ಹೆಜ್ಜೆ ಅಂದ್ರೆ ನನ್ ಹೆಜ್ಜೆ, ನಿಂದಲ್ಲ.’ ಕೆಟ್ಟ ಮೇಲೆ ಬುದ್ಧಿ ಬಂತು! ಎರಡು ದಿನ ನನ್ನ ಕಾಲಿನಲ್ಲಿ ಅಳೆದು ಯಾರದೋ ತಲೆಯ ಮೇಲೆ ಚುಚ್ಚುತ್ತಿದ್ದೆ. ಎದ್ದೆ, ಒಂದು ಕಾಲು ಗಿಡ್ಡ ಮಾಡಿದೆ, ಸೊಂಟ ವಾಲಿಸಿದೆ, ಐಸಾಕ್ ಮಾಮನ ಹಾಗೆ ಕುಂಟಿಕೊಂಡು ಮೂವತ್ತು ಹೆಜ್ಜೆ ನಡೆದೆ. ಹುಲ್ಲು ಕತ್ತರಿಸುವವನು ಯಂತ್ರ ನಿಲ್ಲಿಸಿ ನೋಡಿದ. ಕೋರಿನ್ ಓಡಿಬಂದು, ‘ಅಯ್ಯೋ ಮೇಡಂ, ಕಾಲಿಗೆ ಏನಾಯ್ತು?’ ಎಂದಳು. ಕಾಲಿಗೇನೂ ಆಗಿಲ್ಲ ಮಗಳೇ, ಇದು ನಮ್ಮ ಪುಸ್ತಕ ಎಂದೆ. ಅವಳು ಅದನ್ನೂ ಬರೆದುಕೊಂಡಳೋ ಏನೋ.

ಹೊಸ ಜಾಗ ಹಳೆಯದಕ್ಕಿಂತ ಐದು ಗಜ ಈಚೆಗೆ ಬಂತು. ನಾಲ್ಕನೆಯ ಸಲ ಚುಚ್ಚಿದಾಗ ಟಣ್ ಎಂದಿತು. ಬೆರಳಿನಿಂದ ಮಣ್ಣು ಕೆದರಿದೆ. ಹುಡುಗಿಯೂ ಒಳ್ಳೆಯ ಲಂಗದಲ್ಲೇ ಮಂಡಿಯೂರಿ ಕೆದರಿದಳು. ನಾಲ್ಕು ಬೆರಳು ಆಳದಲ್ಲಿ ನಾನು ಹುಡುಕುತ್ತಿದ್ದದ್ದು ಇತ್ತು. ಮೇಲಿದ್ದದ್ದನ್ನೆಲ್ಲ ಒಯ್ದವರಿಗೆ ಕೆಳಗಿದ್ದದ್ದು ಕಂಡಿರಲಿಲ್ಲ. ‘ಇದು ನಿಮ್ಮ ತಾಯೀದೇ ಅಂತ ಹೇಗ್ ಹೇಳ್ತೀರಿ?’ ಎಂದು ಕೇಳಿದಳು. ನಾನೇ ಇಟ್ಟದ್ದು ಎಂದೆ. ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಶುಕ್ರವಾರ ಹೊಸ ಪುಸ್ತಕ ತೆರೆದು, ಮೊದಲ ಪುಟದ ಮೊದಲ ಸಾಲಿನಲ್ಲಿ ಬರೆದಳು: ಡೋರ್ಕಸ್ ಗೇನ್ಸ್, ಸಾಲು ಒಂದು, ಸಂಖ್ಯೆ ಒಂದು. ಎಡಗಡೆ ಹೋಸಿಯಾ ಗೇನ್ಸ್‌ಗೆ, ಬಲಗಡೆ ವರ್ನೀಸ್ ಗೇನ್ಸ್‌ಗೆ ಕಾದಿರಿಸಿದೆ. ನಾನು ಮೂರು ಸಲ ಓದಿದೆ, ಎಲ್ಲ ಸರಿ ಇದೆ. ಈ ಸಲ ಕುರ್ಚಿಯಲ್ಲಿ ಕೂತೇ ಓದಿದೆ.

ಆಮೇಲಿನಿಂದ ನನಗೆ ಪುರುಸೊತ್ತಿಲ್ಲ. ಸುದ್ದಿ ತಿಳಿದವರೆಲ್ಲ ತಮ್ಮ ಮನೆಯ ಲೆಕ್ಕ ಹಿಡಿದು ಬರುತ್ತಾರೆ, ‘ವರ್ನೀಸಕ್ಕಾ, ಸ್ವಲ್ಪ ಕುಂಟಿ ಕೊಡು’ ಎನ್ನುತ್ತಾರೆ. ಕುಂಟಿ ಕುಂಟಿ ನಿಜವಾಗಿಯೂ ಕುಂಟಿಯಾಗಿದ್ದೇನೆ. ಇವತ್ತಿಗೆ ಮೂವತ್ತೆಂಟು ಸಮಾಧಿ ಬರೆಸಿದ್ದೇವೆ. ಇರುವುದು ಇನ್ನೂರಕ್ಕೆ ಕಡಿಮೆಯಿಲ್ಲ. ಈ ಶುಕ್ರವಾರ ಗಡುವು ಮುಗಿಯುತ್ತದೆ. ಉಳಿದವರು ಖಾಲಿ ಎಂದು ದಾಖಲಾಗುತ್ತಾರೆ. ಸೂಲಗಿತ್ತಿಯ ಲೆಕ್ಕ ಯಾರಿಗೂ ಗೊತ್ತಿಲ್ಲ. ನಮ್ಮಿಬ್ಬರನ್ನೂ ಎತ್ತಿಕೊಂಡವಳು ಅವಳು. ಗಡುವು ಮುಂದೂಡಿ ಎಂದು ಕೋರಿನ್ ಮೇಲಿನವರಿಗೆ ಬರೆದಿದ್ದಾಳೆ. ಉತ್ತರ ಬಂದಿಲ್ಲ.

ನಿನ್ನ ಕೆಲಸ ಮಾತ್ರ ಆಗಿದೆ. ಜಾಗ ನಿನ್ನದು, ಕಾಗದದ ಮೇಲಿದೆ. ಧೈರ್ಯವಾಗಿರು. ಮಗಳಿಗೆ, ಅಳಿಯನಿಗೆ ನನ್ನ ಆಶೀರ್ವಾದ, ಅವನ ಕಾರಿಗೂ. ಜನೀಸಾಳ ಗಲ್ಲ ಹಿಂಡು, ಬೆಳೆದ ಹುಡುಗಿ ಎಂದು ಬಿಡಬೇಡ. ದೇವರು ನಿನ್ನ ರಕ್ತವನ್ನೂ ಕೋಪವನ್ನೂ ತಿಳಿಯಾಗಿಡಲಿ.

ನಿನ್ನ ಬಲಗಡೆಯ ತಂಗಿ,
ವರ್ನೀಸ್

ಮರೆತಿದ್ದೆ: ಜನೀಸಾ, ಮಗಳೇ, ಇದನ್ನು ಓದಿ ಹೇಳಬೇಡ. ಹಾಳೆಯನ್ನು ತಾತನ ಕೈಗೆ ಕೊಡು, ಭೂತಗನ್ನಡಿಯನ್ನೂ ಕೊಡು. ದೊಡ್ಡ ಅಕ್ಷರದಲ್ಲಿ ಬರೆಯುತ್ತೇನೆ. ಟಪಾಲಿನವನು ಬರುವ ಹೊತ್ತು, ಬೇಗ ಬೇಗ ಬರೆಯಬೇಕು.

ಅಣ್ಣಾ, ನೆಲದಲ್ಲಿ ಸಿಕ್ಕಿದ್ದು ಲೋಟವಲ್ಲ. ನಮ್ಮ ಮನೆಯ ನೀಲಿ ಗಾಜಿನ ಜಾಡಿ. ಅಮ್ಮ ರಾತ್ರಿ ಮೆಕ್ಕೆಜೋಳದ ರೊಟ್ಟಿ ಪುಡಿಮಾಡಿ ಮಜ್ಜಿಗೆಯಲ್ಲಿ ಕಲಸಿ ತಿನ್ನುತ್ತಿದ್ದಳಲ್ಲ, ಅದು. ನೀನು ಬಸ್ಸು ಹತ್ತಿದ ಮರುದಿನ ಬೆಳಿಗ್ಗೆ ನಾನು ಸ್ಮಶಾನಕ್ಕೆ ಹೋಗಿ ಲೋಟ ತೆಗೆದೆ. ಜಾಡಿಯ ತಳವನ್ನು ಕಲ್ಲಿನಿಂದ ಒಡೆದು, ಬಾಯಿ ಕೆಳಗಾಗಿ ಅಮ್ಮನ ತಲೆಯ ಹತ್ತಿರ ಒತ್ತಿ ಹೂತೆ. ದೊಡ್ಡಮ್ಮ ಭಾನುವಾರ ಬಂದು ನೋಡಿದಳು, ನನ್ನ ಮುಖ ನೋಡಿದಳು, ‘ಗಾಳಿಗೆ ಹಾರ್ಹೋಗಿರ್ಬೇಕು’ ಎಂದಳು. ಅಲ್ಲಿ ಇಲ್ಲದ ಲೋಟಕ್ಕಾಗಿ ನೀನು ನಲವತ್ತಮೂರು ವರ್ಷ ಬರಲಿಲ್ಲ. ಒಂದು ಸಾಲು ಬರೆದಿದ್ದರೆ ಬರುತ್ತಿದ್ದೆ ಎಂದು ನನಗೆ ಗೊತ್ತಿತ್ತು. ಬರೆಯಲಿಲ್ಲ. ಮೊದಲು ಸಿಟ್ಟಿಗೆ ಬರೆಯಲಿಲ್ಲ, ನೋಡುತ್ತ ನಿಂತಿದ್ದೆ ಎಂದೆಯಲ್ಲ. ಆಮೇಲೆ ನಾಚಿಕೆಗೆ.

ನಾಚಿಕೆ ಯಾಕೆಂದರೆ, ಲೋಟವನ್ನು ನಾನು ನದಿಗೆ ಎಸೆಯಲಿಲ್ಲ. ಅವರದು ಅವರ ಮನೆಯಲ್ಲೇ ಇರಲಿ ಎಂದು ಹಿಂಬಾಗಿಲ ಜಗುಲಿಗೆ ಹೋಗಿ ಅದೇ ಮೊಳೆಗೆ ನೇತುಹಾಕಿ ಬಂದೆ. ಅವರ ಮುಖಕ್ಕೆ ಹೊಡೆದ ಹಾಗಾಯಿತು ಎಂದು ಹಿಗ್ಗಿದ್ದೆ. ಮೂರು ವಾರದ ನಂತರ ಅಮ್ಮಾವ್ರು ಹೇಳಿಕಳಿಸಿದರು. ಮನೆಯಲ್ಲಿ ಅಕ್ಕಿ ಮುಗಿದಿತ್ತು, ದೊಡ್ಡಮ್ಮನಿಗೆ ಏಳಲಾಗುತ್ತಿರಲಿಲ್ಲ. ಹೋದೆ. ‘ನೋಡು, ನಿಮ್ಮಮ್ಮನ ಲೋಟ ಅಲ್ಲೇ ಇದೆ, ಅದ್ರಲ್ಲೇ ಕುಡಿ’ ಎಂದರು. ಅದು ನಮ್ಮ ಮನೆಗೆ ಹೋಗಿ ಬಂದದ್ದೇ ಅವರಿಗೆ ನೆನಪಿರಲಿಲ್ಲ. ನಾನು ಅಲ್ಲಿ ಎಂಟು ವರ್ಷ ಕೆಲಸ ಮಾಡಿದ್ದು ನಿನಗೆ ಗೊತ್ತು. ಯಾವುದರಲ್ಲಿ ನೀರು ಕುಡಿದೆ ಎಂದು ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ದೊಡ್ಡಮ್ಮ ಒಡೆಯದೆ ಬಿಟ್ಟಳು, ನಾನು ಅಮ್ಮನ ಹಿಂದೆಯೇ ಹೋದೆ.

ಕೆಲಸ ಬಿಟ್ಟ ದಿನ ಅದನ್ನು ಏಪ್ರನ್ನಿನಲ್ಲಿ ಮುಚ್ಚಿ ತಂದೆ. ಒಲೆಯ ಹಿಂದಿನ ಗೂಡಿನಲ್ಲಿದೆ. ಇವತ್ತು ಬೆಳಿಗ್ಗೆ ಒಡೆಯಲೆಂದು ಅದರ ತಳಕ್ಕೆ ಮೊಳೆ ಇಟ್ಟು ಸುತ್ತಿಗೆ ಎತ್ತಿದೆ, ಹೊಡೆಯಲಾಗಲಿಲ್ಲ. ಅದು ನನ್ನೊಬ್ಬಳ ಕೆಲಸವಲ್ಲ. ನಿನ್ನ ಆ ಯಂತ್ರ ಇಲ್ಲಿಯ ಆಸ್ಪತ್ರೆಯಲ್ಲೂ ಇದೆ, ಸೋಮವಾರ, ಬುಧವಾರ, ಶುಕ್ರವಾರ, ಕೇಳಿ ಬಂದಿದ್ದೇನೆ. ಪೆಟ್ಟಿಗೆಯಲ್ಲಿ ಬರಬೇಡ, ಬಸ್ಸಿನಲ್ಲಿ ಬಾ. ನಾನು ಮೊಳೆ ಹಿಡಿಯುತ್ತೇನೆ, ನೀನು ಹೊಡಿ.